ಮೊದಲ ಸುತ್ತಿನಲ್ಲೇ ಎಲ್ಲಾ ಖರ್ಚು ಮಾಡಬೇಡಿ

ಮಾನ್ಯ ಸಂಪಾದಕರೆ,

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಶಾಲಾ ಕ್ರೀಡಾಕೂಟದ ಫೋಟೊ ಬಂದಿತ್ತು. 1500 ಮೀಟರ್ ಓಟಕ್ಕೆ ಸೀಟಿ ಊದಿದ ಕ್ಷಣ. ಹತ್ತು ಹನ್ನೆರಡು ಹುಡುಗರು, ಎಲ್ಲರ ಕತ್ತಿನ ನರ ಉಬ್ಬಿದೆ, ಹಲ್ಲು ಕಚ್ಚಿದ್ದಾರೆ, 100 ಮೀಟರ್‌ಗೆ ಬಿಟ್ಟವರ ಹಾಗೆ ನುಗ್ಗುತ್ತಿದ್ದಾರೆ. ಫೋಟೊ ಚೆನ್ನಾಗಿದೆ. ಆದರೆ ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಯಾಕಂದ್ರೆ ಮುಂದಿನದು ನನಗೆ ಗೊತ್ತು. ಎರಡನೇ ಸುತ್ತಿನಲ್ಲಿ ಭುಜ ಮೇಲೇರುತ್ತದೆ, ಮೂರನೇ ಸುತ್ತಿನಲ್ಲಿ ಅರ್ಧ ಹುಡುಗರು ಸೊಂಟ ಹಿಡಿದು ನಡೆಯುತ್ತಾರೆ, ಗೆರೆ ದಾಟಿದವರು ಮಣ್ಣಿನ ಮೇಲೆ ಬಿದ್ದುಕೊಳ್ಳುತ್ತಾರೆ. ಸುತ್ತ ನಿಂತವರು "ದಮ್ಮಿಲ್ಲ ಬಿಡ್ರಿ" ಅಂತಾರೆ. ದಮ್ಮು ಇಲ್ಲದ್ದಲ್ಲ. ಇದ್ದ ದಮ್ಮನ್ನು ಮೊದಲ 300 ಮೀಟರ್‌ನಲ್ಲೇ ಖರ್ಚು ಮಾಡಿದ್ದು.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. 22 ವರ್ಷದಿಂದ ಇದೇ ಕೆಲಸ. ಕಾಲೇಜಿನಲ್ಲಿ ನಾನೂ 1500 ಓಡಿದವನು. ಶಾಲೆಯ ಮಕ್ಕಳ ಜೊತೆಗೆ ಬೆಳಿಗ್ಗೆ ಪೊಲೀಸ್ ಮತ್ತು ಆರ್ಮಿ ಫಿಸಿಕಲ್‌ಗೆ ತಯಾರಾಗುವ ಹುಡುಗರೂ ನಮ್ಮ ಮೈದಾನಕ್ಕೆ ಬರುತ್ತಾರೆ. ನಮ್ಮ ಕಡೆ ಮಧ್ಯಮ ದೂರದ ಓಟ ಅಂದ್ರೆ ಬರೀ ಪದಕದ ಮಾತಲ್ಲ, ಮನೆಯ ಅನ್ನದ ಮಾತು. ಕಾನ್‌ಸ್ಟೆಬಲ್ ಫಿಸಿಕಲ್‌ನಲ್ಲಿ ಗಂಡು ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ ಮುಗಿಸಬೇಕು. ಎರಡು ವರ್ಷ ಓದಿದ್ದು, ಕೋಚಿಂಗ್‌ಗೆ ಅಪ್ಪ ಸಾಲ ಮಾಡಿ ಕೊಟ್ಟಿದ್ದು, ಎಲ್ಲಾ ಆ ನಾಲ್ಕು ಸುತ್ತಿನ ಮೇಲೆ ನಿಂತಿರುತ್ತದೆ.

ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಪೂರ್ತಿ ಹಾಕಿ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹತ್ತನೇ ಕ್ಲಾಸು, ಮನೆ ಎಡದಂಡೆ ಕಾಲುವೆ ಪಕ್ಕ. ಮೊದಲ ಸಲ 800 ಮೀಟರ್ ಓಡಿಸಿದಾಗ 2 ನಿಮಿಷ 58 ಸೆಕೆಂಡ್ ತೆಗೆದುಕೊಂಡಳು. ನಾನು ಪ್ರತಿ ಸುತ್ತಿನ ಟೈಮ್ ಬೇರೆ ಬೇರೆ ಬರೆದುಕೊಳ್ಳುತ್ತೇನೆ. ಅವಳ ಮೊದಲ ಸುತ್ತು 1 ನಿಮಿಷ 16 ಸೆಕೆಂಡ್, ಎರಡನೆಯದು 1 ನಿಮಿಷ 42. ಒಂದು ಸುತ್ತಿಗೂ ಇನ್ನೊಂದಕ್ಕೂ 26 ಸೆಕೆಂಡ್ ಅಂತರ! ಕೊನೆಯ ತಿರುವಿನಲ್ಲಿ ಅವಳ ಕಾಲು ನೆಲದಿಂದ ಏಳುತ್ತಲೇ ಇರಲಿಲ್ಲ, ಚಪ್ಪಲಿ ಎಳೆದ ಹಾಗೆ ಮಣ್ಣು ಕೆರೆಯುತ್ತಿತ್ತು, ಕಣ್ಣಲ್ಲಿ ನೀರು. "ಕಾಲಾಗ ಕಲ್ಲು ಕಟ್ಟಿದಂಗಾತ್ರಿ ಸರ್" ಅಂದಳು.

ಐದು ತಿಂಗಳ ನಂತರ ಅದೇ ಹುಡುಗಿ 2 ನಿಮಿಷ 39 ಸೆಕೆಂಡ್‌ನಲ್ಲಿ ಮುಗಿಸಿದಳು. ಸುತ್ತಿನ ಲೆಕ್ಕ ನೋಡಿ: ಮೊದಲನೆಯದು 1 ನಿಮಿಷ 18, ಎರಡನೆಯದು 1 ನಿಮಿಷ 21. ಅಂದರೆ ಮೊದಲ ಸುತ್ತು ಮುಂಚಿಗಿಂತ 2 ಸೆಕೆಂಡ್ ನಿಧಾನ, ಒಟ್ಟು ಓಟ 19 ಸೆಕೆಂಡ್ ಬೇಗ. ಈ ಲೆಕ್ಕವನ್ನು ನಾನು ಈಗಲೂ ಪ್ರತಿ ವರ್ಷ ಹೊಸ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ.

ಜಗತ್ತಿನ ಅತಿ ವೇಗದ 800 ಮೀಟರ್ ಓಟ ಕೆನ್ಯಾದ ಡೇವಿಡ್ ರುಡಿಶಾ ಅವರದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1 ನಿಮಿಷ 40.91 ಸೆಕೆಂಡ್. ಅವರ ಮೊದಲ ಸುತ್ತು 49.28, ಎರಡನೆಯದು 51.63. ಅವರೂ ಮೊದಲ ಸುತ್ತನ್ನೇ ಬೇಗ ಓಡಿದರು, 800ರಲ್ಲಿ ಅದು ತಪ್ಪೇನಲ್ಲ. ಆದರೆ ಅಂತರ ಎರಡೂವರೆ ಸೆಕೆಂಡ್ ಒಳಗೇ ಇದೆ ಅಲ್ವಾ? ಇಪ್ಪತ್ತಾರಲ್ಲ. 1500 ಮತ್ತು 1600ರಲ್ಲಂತೂ ಎಲ್ಲಾ ಸುತ್ತು ಹೆಚ್ಚು ಕಡಿಮೆ ಒಂದೇ ಸಮ ಇದ್ದರೆ ಒಳ್ಳೆಯದು. ಮೊರಾಕೊದ ಹಿಶಾಮ್ ಎಲ್ ಗೆರೂಜ್ 1998ರಲ್ಲಿ ರೋಮ್‌ನಲ್ಲಿ 1500 ಮೀಟರನ್ನು 3 ನಿಮಿಷ 26 ಸೆಕೆಂಡ್‌ನಲ್ಲಿ ಓಡಿದರು, ಆ ದಾಖಲೆ ಇನ್ನೂ ಉಳಿದಿದೆ. ಸುತ್ತಿಗೆ ಸರಾಸರಿ 55 ಸೆಕೆಂಡ್. ನಮ್ಮ ಹೈಸ್ಕೂಲಿನ ಅತಿ ಜೋರಿನ ಹುಡುಗ ಒಂದೇ ಒಂದು ಸುತ್ತನ್ನು ಜೀವ ಬಿಟ್ಟು ಓಡಿದರೂ 55 ಆಗುವುದು ಕಷ್ಟ. ಅವರು ಮೂರು ಮುಕ್ಕಾಲು ಸುತ್ತು ಹಾಗೇ ಹೋಗಿದ್ದಾರೆ.

ಇನ್ನು ತಯಾರಿಯ ಮಾತು. ತಪ್ಪು ಶುರುವಾಗುವುದೇ ಇಲ್ಲಿಂದ.

ನಮ್ಮ ಹುಡುಗರು ದಿನಾ 1600 ಮೀಟರನ್ನು ವಾಚ್ ಹಿಡಿದು ಜೀವ ಬಿಟ್ಟು ಓಡುತ್ತಾರೆ. ದಿನಾ! ನಿನ್ನೆ 6:45 ಬಂತು, ಇವತ್ತು 6:42, ನಾಳೆ 6:50. ಮೂರು ವಾರಕ್ಕೆ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯಲು ಶುರುವಾಗುತ್ತದೆ, ಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಮತ್ತೆ ಓಡುತ್ತಾರೆ, ಟೈಮ್ ಅಲ್ಲೇ ನಿಂತಿರುತ್ತದೆ. ದಿನಾ ಪರೀಕ್ಷೆ ಬರೆದರೆ ಪಾಠ ಓದುವುದು ಯಾವಾಗ?

ಹೋದ ವರ್ಷ ಒಬ್ಬ ಹುಡುಗ ಬಂದ. ಫಿಸಿಕಲ್‌ನಲ್ಲಿ 11 ಸೆಕೆಂಡ್‌ನಿಂದ ಫೇಲಾಗಿದ್ದ. ನಾನು ಮತ್ತೆ ಓಡಿಸಿ ನೋಡಿದೆ, ಅಷ್ಟೇ ಬಂತು, 6:41. ಸುತ್ತುಗಳು 78, 99, 114, 110 ಸೆಕೆಂಡ್. ಅವನಿಗೆ ಬೇಕಾಗಿದ್ದದ್ದು ಸುತ್ತಿಗೆ 97 ಸೆಕೆಂಡ್ ಅಷ್ಟೆ. ಅವನಿಗೆ ಹೇಳಿದೆ, ಮೂರು ವಾರ ವಾಚ್ ಮನೆಯಲ್ಲಿಡು, ವಾರಕ್ಕೆ ಐದು ದಿನ ಕಾಲುವೆ ದಂಡೆಯ ಮಣ್ಣಿನ ದಾರಿಯಲ್ಲಿ ನಿಧಾನ ಓಡು, ಗೆಳೆಯನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ. ಒಂದು ಪೂರ್ತಿ ಮಾತು ಹೇಳಿ ಮುಗಿಸುವ ಮೊದಲು ಉಸಿರು ತುಂಡಾದರೆ ನೀನು ಜೋರಾಗಿ ಓಡುತ್ತಿದ್ದೀಯ ಅಂತ ಅರ್ಥ. ಅವನಿಗೆ ಸಿಟ್ಟು ಬಂತು. "ಸರ್ರ, ಹಿಂಗ ಓಡಿದ್ರ ಎಮ್ಮಿ ಮೇಯ್ಸಾಕ ಹೊಂಟಂಗ ಕಾಣಸ್ತೈತ್ರಿ. ಮಂದಿ ನಗ್ತಾರ." ನಗಲಿ ಬಿಡಪ್ಪ ಅಂದೆ.

ನಿಧಾನ ಓಟ ಯಾಕೆ ಬೇಕು ಅಂತ ಕೇಳುವವರಿಗೆ: 800 ಮೀಟರ್ ಓಟದಲ್ಲಿ ದೇಹಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉಸಿರಿನ ಆಮ್ಲಜನಕದಿಂದಲೇ ಬರುತ್ತದೆ. 1500ರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು. ಉಳಿದದ್ದು ಮಾತ್ರ ಆಮ್ಲಜನಕ ಇಲ್ಲದೆ ಸ್ನಾಯು ಸುಟ್ಟುಕೊಳ್ಳುವ ಶಕ್ತಿ. ಕಾಲು ಕಲ್ಲಾಗುವುದು, ಉರಿಯುವುದು, ಈ ಎರಡನೆಯದನ್ನು ಶುರುವಿನಲ್ಲೇ ಖಾಲಿ ಮಾಡಿದಾಗ. ದಿನಾ ಸಮಾಧಾನವಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುವಿನಲ್ಲಿ ಸಣ್ಣ ಸಣ್ಣ ರಕ್ತನಾಳ ಹೆಚ್ಚುತ್ತವೆ. ಇದು ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ, ತಿಂಗಳುಗಟ್ಟಲೆ ಬೇಕು. ಅದಕ್ಕೇ ನೋಟಿಫಿಕೇಶನ್ ಬಂದ ಮೇಲೆ ಶೂ ಕೊಳ್ಳುವ ಹುಡುಗರನ್ನು ಕಂಡರೆ ನನಗೆ ಮರುಕ.

ಇದು ನಾನು ಕಂಡುಹಿಡಿದದ್ದಲ್ಲ. ನ್ಯೂಜಿಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬ ತರಬೇತುದಾರರಿದ್ದರು, ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರು ತಮ್ಮ 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ಗೆ ಮ್ಯಾರಥಾನ್‌ನವರ ಜೊತೆ ವಾರಕ್ಕೆ 160 ಕಿಲೋಮೀಟರ್ ತನಕ ಓಡಿಸಿದರು. ಎರಡು ಸುತ್ತಿನ ಓಟಕ್ಕೆ ಇಷ್ಟು ದೂರ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ. ಸ್ನೆಲ್ 1960ರಲ್ಲಿ ರೋಮ್‌ನಲ್ಲಿ 800ರ ಚಿನ್ನ ಗೆದ್ದರು, 1964ರಲ್ಲಿ ಟೋಕಿಯೊದಲ್ಲಿ 800 ಮತ್ತು 1500 ಎರಡನ್ನೂ ಗೆದ್ದರು. ನಮ್ಮ ಮಕ್ಕಳಿಗೆ 160 ಬೇಡವೇ ಬೇಡ, ಹೈಸ್ಕೂಲು ಮಕ್ಕಳಿಗೆ ಅಷ್ಟು ಓಡಿಸಿದರೆ ಎಲುಬು ಕೆಡುತ್ತದೆ. ಇಪ್ಪತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷ ಏರಿಸಿದರೆ ಸಾಕು. ಆದರೆ ಸ್ನೆಲ್ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. 1962ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಅವರು 800 ಮೀಟರನ್ನು 1 ನಿಮಿಷ 44.3 ಸೆಕೆಂಡ್‌ನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದು ಹುಲ್ಲಿನ ಟ್ರ್ಯಾಕ್ ಮೇಲೆ. ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಏನು ಮಾಡೋಣ ಅಂತ ಕೈಕಟ್ಟಿ ಕೂರುವವರು ಇದನ್ನು ನೆನಪಿಡಬೇಕು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಹತ್ತಿರ ನೀರಜ್ ಚೋಪ್ರಾ ತರಬೇತಿ ಪಡೆದಂಥ ದೊಡ್ಡ ಕ್ರೀಡಾ ಸಂಸ್ಥೆ ಇದೆ, ಅದು ಹೆಮ್ಮೆಯ ಮಾತು. ಆದರೆ ಎಲ್ಲಾ ಮಕ್ಕಳೂ ಅಲ್ಲಿಗೆ ಹೋಗಲಾರರು. ಅವರಿಗೆ ಸಿಗುವುದು ಮಣ್ಣೇ. ಮಣ್ಣು ಸಾಕು.

ಮೂರು ವಾರ ಕಳೆದ ಮೇಲೆ ಆ ಹುಡುಗನಿಗೆ ವಾರದಲ್ಲಿ ಒಂದು ದಿನ ಮಾತ್ರ ಜೋರಿನ ಕೆಲಸ ಕೊಟ್ಟೆ. 400 ಮೀಟರ್ 95 ಸೆಕೆಂಡ್‌ಗೆ, ಆಮೇಲೆ ಮೂರು ನಿಮಿಷ ನಡಿಗೆ, ಮತ್ತೆ 400. ಹೀಗೆ ಆರು ಸಲ. ಮೊದಲ ದಿನ ಅವನು ಮೊದಲನೆಯದನ್ನೇ 80ಕ್ಕೆ ಓಡಿ ಬಂದು ನನ್ನ ಮುಖ ನೋಡಿದ, ಶಹಬ್ಬಾಸ್ ಅನ್ನಲಿ ಅಂತ. ನಾನು ಬರೆದುಕೊಳ್ಳಲಿಲ್ಲ, ಇದು ಲೆಕ್ಕಕ್ಕಿಲ್ಲ ಅಂದೆ. 95 ಅಂದರೆ 95. ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. 200 ಮೀಟರ್ ಹತ್ತಿರ ನಾನು ಒಂದು ಇಟ್ಟಿಗೆ ಇಟ್ಟಿದ್ದೆ, ಅದನ್ನು ದಾಟುವಾಗ 47, 48 ಅಂತ ಕೂಗಿ ಹೇಳುತ್ತಿದ್ದೆ. ನಾಲ್ಕನೇ ವಾರಕ್ಕೆ ಅವನಿಗೆ ನಾನು ಕೂಗುವುದೇ ಬೇಕಾಗಲಿಲ್ಲ. ಕಾಲೇ ಹೇಳುತ್ತಿತ್ತು. ಓಟಗಾರನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ ಅಂತ ನನ್ನ ನಂಬಿಕೆ, ಗಡಿಯಾರ ಇಲ್ಲದೆ ತನ್ನ ವೇಗ ತನಗೆ ತಿಳಿಯುವುದು.

ಇನ್ನೊಂದು ದಿನ ಏರು. ನಮ್ಮ ಸುತ್ತ ಗುಡ್ಡಕ್ಕೇನು ಬರ? ಬಂಡೆ ಮೆಟ್ಟಿಲು ಬೇಡ, ಮಂಡಿ ಕೆಡುತ್ತದೆ. ಸುಮ್ನೆ 80, 100 ಮೀಟರ್ ಮಣ್ಣಿನ ಏರು ಹುಡುಕಿ, ಜೋರಾಗಿ ಹತ್ತಿ, ನಡೆದು ಇಳಿಯುವುದು, ಎಂಟು ಸಲ. ಕಾಲಿಗೆ ಬಲ ಬರುತ್ತದೆ, ಮಂಡಿ ಎತ್ತಿ ಓಡುವುದು ತಾನಾಗಿ ಬರುತ್ತದೆ. ವಾರಕ್ಕೆ ಒಂದು ದಿನ ಪೂರ್ತಿ ರಜೆ.

ರಜೆ ಅಂದರೆ ನಮ್ಮ ಹುಡುಗರಿಗೆ ಪಾಪ ಮಾಡಿದ ಹಾಗೆ. ಅವರಿಗೆ ನಾನು ರೋಜರ್ ಬ್ಯಾನಿಸ್ಟರ್ ಕಥೆ ಹೇಳುತ್ತೇನೆ. ಒಂದು ಮೈಲಿಯನ್ನು ಮೊದಲ ಸಲ 4 ನಿಮಿಷದೊಳಗೆ ಓಡಿದ ಮನುಷ್ಯ, 1954ರ ಮೇ 6, ಆಕ್ಸ್‌ಫರ್ಡ್, 3 ನಿಮಿಷ 59.4 ಸೆಕೆಂಡ್. ಮೈಲಿ ಅಂದ್ರೆ 1609 ಮೀಟರ್, ನಮ್ಮ ಫಿಸಿಕಲ್‌ನ ಓಟಕ್ಕಿಂತ ಬರೀ ಒಂಬತ್ತು ಮೀಟರ್ ಜಾಸ್ತಿ. ಅವರು ಆಗ ಡಾಕ್ಟರ್ ಓದುತ್ತಿದ್ದರು. ಕಾಲು ಮೈಲಿಯ ಹತ್ತು ಓಟ, ನಡುವೆ ಎರಡು ನಿಮಿಷ ವಿರಾಮ, ಇದು ಅವರ ತಾಲೀಮು. ಒಂದೊಂದು ಓಟ 61 ಸೆಕೆಂಡ್‌ಗೆ ಬಂದು ನಿಂತುಬಿಟ್ಟಿತು, ಎಷ್ಟು ಮಾಡಿದರೂ ಕೆಳಗೆ ಇಳಿಯಲಿಲ್ಲ. ಆಗ ಓಟ ಬಿಟ್ಟು ಗೆಳೆಯನ ಜೊತೆ ಸ್ಕಾಟ್ಲೆಂಡ್‌ಗೆ ಬೆಟ್ಟ ಹತ್ತಲು ಹೋದರು, ಮೂರ್ನಾಲ್ಕು ದಿನ. ವಾಪಸ್ ಬಂದು ಓಡಿದಾಗ 59 ಬಂತು. ದೇಹ ಬೆಳೆಯುವುದು ಓಡುವಾಗಲ್ಲ, ಓಡಿ ಮಲಗಿದಾಗ.

ಈಗ ಒಂದು ಸಣ್ಣ ವಿಷಯ, ಆದರೆ ಇದರಿಂದಲೇ ಎಷ್ಟೋ ಹುಡುಗರು ಸೋತಿದ್ದಾರೆ. ತಿರುವಿನಲ್ಲಿ ಹೊರಗೆ ಓಡುವುದು. ಗುಂಪಿನಲ್ಲಿ ಮುಂದಿನವನನ್ನು ದಾಟುವ ಆತುರಕ್ಕೆ ಪಕ್ಕಕ್ಕೆ ಸರಿದು ತಿರುವು ಪೂರ್ತಿ ಹೊರಗೇ ಓಡುತ್ತಾರೆ. ನಾನು ಇದನ್ನು ಮಕ್ಕಳಿಗೆ ಹೀಗೆ ತೋರಿಸುತ್ತೇನೆ. ಒಂದು ಮೀಟರ್ ಉದ್ದದ ಕೋಲು, ಅದರ ಎರಡು ತುದಿಗೆ ಇಬ್ಬರು. ಒಬ್ಬ ಒಳಗಿನ ಗೆರೆ ಮೇಲೆ, ಇನ್ನೊಬ್ಬ ಹೊರಗೆ. ಕೋಲು ಓರೆಯಾಗದ ಹಾಗೆ ಇಬ್ಬರೂ ಜೊತೆಜೊತೆ ತಿರುವು ನಡೆಯಬೇಕು. ಹೊರಗಿನವನು ದಾಪುಗಾಲು ಹಾಕಬೇಕಾಗುತ್ತದೆ, ಮಕ್ಕಳು ನೋಡಿ ಕೂಗಾಡುತ್ತಾರೆ. ಆಮೇಲೆ ಇಬ್ಬರ ದಾರಿಯನ್ನೂ ಟೇಪ್ ಹಿಡಿದು ಅಳೆದರೆ ಹೊರಗಿನವನದು 3 ಮೀಟರ್‌ಗೂ ಸ್ವಲ್ಪ ಜಾಸ್ತಿ. ಒಂದು ತಿರುವಿಗೆ ಮೂರು ಮೀಟರ್ ಅಂದ್ರೆ 1600ರ ಎಂಟು ತಿರುವಿಗೆ 25 ಮೀಟರ್. ಆ ವೇಗದಲ್ಲಿ ಅದು 6 ಸೆಕೆಂಡ್. 11 ಸೆಕೆಂಡ್‌ನಿಂದ ಫೇಲಾದ ಆ ಹುಡುಗ ಇದನ್ನು ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ. ದಾಟುವುದಿದ್ದರೆ ನೇರ ಹಾದಿಯಲ್ಲಿ ದಾಟಿ, ತಿರುವಿನಲ್ಲಿ ಒಳಗೆ ಅಂಟಿಕೊಳ್ಳಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋಳದ ರೊಟ್ಟಿ, ಬೇಳೆ, ಕಾಳಿನ ಪಲ್ಯ, ಶೇಂಗಾ, ಮೊಟ್ಟೆ, ನಮ್ಮ ಮನೆಯಲ್ಲಿ ಇರುವುದೇ ಒಳ್ಳೆಯ ಊಟ. ಪೌಡರ್ ಡಬ್ಬಿಗೆ ದುಡ್ಡು ಸುರಿಯಬೇಡಿ. ಓಟದ ದಿನ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾತ್ರ ಬೇಡ, ಮೂರನೇ ಸುತ್ತಿನಲ್ಲಿ ಗಂಟಲಿಗೆ ಬರುತ್ತದೆ. ಹೆಣ್ಣುಮಕ್ಕಳ ಬಗ್ಗೆ ಮಾತ್ರ ಕೈ ಮುಗಿದು ಹೇಳುತ್ತೇನೆ: ಹುಡುಗಿ ಎಷ್ಟು ಓಡಿದರೂ ಟೈಮ್ ಇಳಿಯುತ್ತಿಲ್ಲ, ಬೇಗ ಸುಸ್ತಾಗುತ್ತಾಳೆ ಅಂದ್ರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಆಮ್ಲಜನಕ ಹೊರುವವರೇ ಇರುವುದಿಲ್ಲ, ಯಾವ ತಾಲೀಮೂ ಕೆಲಸಕ್ಕೆ ಬರುವುದಿಲ್ಲ. ಮೇಲೆ ಹೇಳಿದ ಕಾಲುವೆ ಪಕ್ಕದ ಹುಡುಗಿಗೂ ಹಾಗೇ ಆಗಿತ್ತು. ಡಾಕ್ಟರ್ ಕೊಟ್ಟ ಗುಳಿಗೆ ತೆಗೆದುಕೊಂಡ ಎರಡು ತಿಂಗಳಿಗೆ ಅವಳ ಮುಖದ ಕಳೆಯೇ ಬದಲಾಯಿತು. ಅವರವ್ವ ಶಾಲೆಗೆ ಬಂದು "ಈಗ ಮನ್ಯಾಗ ಕೊಡಾ ಹೊತ್ಕೊಂಡು ಬಂದ್ರೂ ತೇಕೂದಿಲ್ರಿ ಸರ್" ಅಂದಿದ್ದು ನನಗೆ ಪದಕಕ್ಕಿಂತ ಜಾಸ್ತಿ.

ಹತ್ತು ವಾರದ ಮೇಲೆ ಆ ಹುಡುಗನನ್ನು ಮತ್ತೆ 1600 ಓಡಿಸಿದೆ. 94, 96, 97, 91. ಒಟ್ಟು 6 ನಿಮಿಷ 18 ಸೆಕೆಂಡ್. ಕೊನೆಯ ಸುತ್ತು ಎಲ್ಲಕ್ಕಿಂತ ಜೋರು. ಗೆರೆ ದಾಟಿ ಬೀಳಲಿಲ್ಲ, ನಿಂತುಕೊಂಡೇ "ಸರ್ರ, ಇನ್ನೂ ಇತ್ರಿ" ಅಂದ. ಮುಂದಿನ ನೇಮಕಾತಿಗೆ ಕಾಯುತ್ತಿದ್ದಾನೆ.

ಈಗ ನನ್ನ ಬೇಡಿಕೆ. ನಮ್ಮ ಊರಿನ ಸಾರ್ವಜನಿಕ ಮೈದಾನದ ಗೇಟು ಬೆಳಿಗ್ಗೆ ಆರೂವರೆ ತನಕ ಬೀಗ ಹಾಕಿರುತ್ತದೆ. ಏಪ್ರಿಲ್, ಮೇನಲ್ಲಿ ಆರೂವರೆ ಅಂದರೆ ನಮ್ಮ ಕಡೆ ಆಗಲೇ ಬಿಸಿಲು ಬೆನ್ನಿಗೆ ಹತ್ತಿರುತ್ತದೆ. ಅದಕ್ಕೇ ಹುಡುಗರು ಐದು ಗಂಟೆಗೆ ಹೆದ್ದಾರಿ ಪಕ್ಕ ಕತ್ತಲಲ್ಲಿ ಓಡುತ್ತಾರೆ. ಭತ್ತದ ಲಾರಿಗಳು ಮೈಮೇಲೆ ಬಂದ ಹಾಗೆ ಹೋಗುತ್ತವೆ, ಡಾಂಬರಿಗೆ ಕಾಲಿನ ಎಲುಬು ಬೇರೆ ಹೋಗುತ್ತದೆ. ಒಳಗೆ 400 ಮೀಟರ್ ಟ್ರ್ಯಾಕ್ ಇತ್ತು. ಒಂದು ಕಾರ್ಯಕ್ರಮಕ್ಕೆ ಪೆಂಡಾಲ್ ಹಾಕಲು ಗುಂಡಿ ತೋಡಿದರು, ಮುಚ್ಚಲಿಲ್ಲ, ಜೀಪುಗಳು ಗೆರೆ ಅಳಿಸಿದವು. ಈಗ ಸುತ್ತು ಎಷ್ಟು ಮೀಟರ್ ಅಂತ ಯಾರಿಗೂ ಗೊತ್ತಿಲ್ಲ. ಹುಡುಗರು ನಾಲ್ಕು ಸುತ್ತು ಓಡಿ 6:20 ಬಂತು ಅಂತ ಖುಷಿಪಡುತ್ತಾರೆ, ನಾನು ಟೇಪ್ ಹಿಡಿದು ಅಳೆದರೆ ಸುತ್ತು 370 ಮೀಟರ್. ಅದನ್ನೇ ನಂಬಿ ಫಿಸಿಕಲ್‌ಗೆ ಹೋದ ಹುಡುಗನ ಗತಿ ಏನು ಹೇಳಿ?

ಲಕ್ಷಗಟ್ಟಲೆ ಅನುದಾನ ಕೇಳುತ್ತಿಲ್ಲ. ಗುಂಡಿ ಮುಚ್ಚಲು ಎರಡು ಟ್ರ್ಯಾಕ್ಟರ್ ಮಣ್ಣು, ಒಂದು ರೋಲರ್ ಅರ್ಧ ದಿನ. ಸುಣ್ಣದ ಚೀಲ ನಾನೇ ತರುತ್ತೇನೆ, ಅಳತೆ ಹಾಕಿ ಗೆರೆ ಎಳೆಯಲು ಹುಡುಗರಿದ್ದಾರೆ. ಗೇಟಿನ ಬೀಗ ಮಾತ್ರ ಐದು ಗಂಟೆಗೆ ತೆಗೆಸಿಕೊಡಿ.

ಒಬ್ಬ ದೈಹಿಕ ಶಿಕ್ಷಕ
ಕೊಪ್ಪಳ ಜಿಲ್ಲೆ